ಅಳಿಯನ ಎದೆಯಳತೆ

ಫೈರ್ ಸ್ಟೇಷನ್ನಿನ ಮುಂದೆ ಖಾಕಿ ಹಾಕಿಕೊಂಡು ನಿಂತಾಗ, ಶಾಲೆಗೆ ಹೋಗುವ ಮಕ್ಕಳು ನನಗೆ ಸಲ್ಯೂಟ್ ಹೊಡೆಯುವುದುಂಟು. ನಾನೂ ಮುಖ ಬಿಗಿ ಮಾಡಿಕೊಂಡು ತಿರುಗಿ ಹೊಡೆಯುತ್ತೇನೆ. ಈ ಮನುಷ್ಯ ವರ್ಷಗಟ್ಟಲೆ ಜೀನ್ಸ್ ಪ್ಯಾಂಟಿಗೆ ಜಿಪ್ ಕೂರಿಸುತ್ತಿದ್ದ, ಅದೂ ಜಿಪ್ ಮಾತ್ರ, ಎಂದು ಆ ಮಕ್ಕಳಿಗೆ ಯಾರೂ ಹೇಳಿಲ್ಲ. ನೀವೂ ಹೇಳಬೇಡಿ.

ನನ್ನ ಹೆಸರು ಗೋವರ್ಧನ್. ಊರು ಆಂಧ್ರದ ಗಡಿಯ ಮಡಕಶಿರಾ ಸೀಮೆಯಲ್ಲಿ, ಅಮರಾಪುರದ ಹತ್ತಿರ. ಮನೆಯಲ್ಲಿ ಕಡಲೆಕಾಯಿ, ರಾಗಿ, ಒಂದಿಷ್ಟು ಕುರಿ. ಇಂಟರ್, ಅಂದರೆ ನಿಮ್ಮ ಪಿಯುಸಿ, ಮುಗಿಸಿ ಎಲ್ಲರ ಹಾಗೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದೆ. ಅಲ್ಲಿ ಸೂಪರ್‌ವೈಸರ್ ಬೈಗುಳ ತಡೆಯಲಾಗದೆ ರಾಯದುರ್ಗಕ್ಕೆ ಬಂದೆ. ರಾಯದುರ್ಗದಲ್ಲಿ ಬೀದಿಗೊಂದು ಜೀನ್ಸ್ ಶೆಡ್ಡು. ಒಬ್ಬರು ಜೇಬು ಹೊಲಿಯುತ್ತಾರೆ, ಒಬ್ಬರು ಬೆಲ್ಟು, ಒಬ್ಬರು ಲೂಪು. ನನಗೆ ಜಿಪ್ ಕೊಟ್ಟರು. ಇಡೀ ಪ್ಯಾಂಟ್ ಹೊಲಿಯಲು ಹೇಳಿದ್ದರೆ ಆವತ್ತೂ ಬರುತ್ತಿರಲಿಲ್ಲ, ಇವತ್ತೂ ಬರುವುದಿಲ್ಲ.

ಫೈರ್‌ಮನ್ ಆಗಬೇಕೆಂಬ ಆಸೆ ಹುಟ್ಟಿದ್ದು ಶೌರ್ಯದಿಂದಲ್ಲ. ಒಂದು ಬೇಸಿಗೆಯಲ್ಲಿ ಶೆಡ್ಡಿನ ಹಿಂದೆ ರಾಶಿ ಹಾಕಿದ್ದ ಕಟಿಂಗ್ ವೇಸ್ಟಿಗೆ ಬೆಂಕಿ ಹತ್ತಿತು. ಎಲ್ಲರೂ ಬಕೆಟ್ ಹಿಡಿದು ಓಡಿದರು. ನಾನೂ ಓಡಿದೆ, ನಾನು ಕೂರುತ್ತಿದ್ದ ಸ್ಟೂಲನ್ನು ಎತ್ತಿಕೊಂಡು, ಬೆಂಕಿಯ ಎದುರು ದಿಕ್ಕಿಗೆ. ಆ ಸ್ಟೂಲಿಗೆ ಒಂದು ಗೀರೂ ಬೀಳಲಿಲ್ಲ. ಸ್ವಲ್ಪ ಹೊತ್ತಿಗೆ ಫೈರ್ ಇಂಜಿನ್ ಬಂತು. ನಾಲ್ಕು ಜನ ಇಳಿದು ಪೈಪ್ ಬಿಚ್ಚಿದರು, ಬೆಂಕಿ ಆರಿಸಿದರು. ಆಮೇಲೆ ನಮಗೆಂದೂ ಟೀ ಕೊಡಿಸದ ಮಾಲೀಕ ತಾನೇ ಕೈಯಾರೆ ಗ್ಲಾಸು ಹಿಡಿದು ಅವರಿಗೆ ಟೀ ಕೊಟ್ಟ, ಇನ್ನೊಂದು ಗ್ಲಾಸ್ ತಗೊಳ್ರಿ ಎಂದು ಒತ್ತಾಯ ಮಾಡಿದ. ಕೆಲಸ ಅಂದರೆ ಇದು ಎಂದುಕೊಂಡೆ. ಆ ವರ್ಷವೇ ಪರೀಕ್ಷೆ ಬರೆದೆ, ಚೆನ್ನಾಗಿಯೇ ಫೇಲಾದೆ.

ಇಷ್ಟಕ್ಕೇ ನಿಂತಿದ್ದರೆ ನಾನು ಇವತ್ತಿಗೂ ಜಿಪ್ ಕೂರಿಸಿಕೊಂಡು ಸುಖವಾಗಿರುತ್ತಿದ್ದೆ. ನಡುವೆ ಮದುವೆ ಬಂತು. ಅದೇ ಶೆಡ್ಡಿನಲ್ಲಿ ಜೇಬು ಹೊಲಿಯುತ್ತಿದ್ದ ದುರ್ಗಾಳನ್ನು ಕೇಳಲು ನನ್ನ ಸೋದರಮಾವ ಸೂರಪ್ಪನನ್ನು ಕರೆದುಕೊಂಡು ಭೈರವಾನಿತಿಪ್ಪದ ಹತ್ತಿರ ಅವಳ ಊರಿಗೆ ಹೋದೆ. ಅವಳ ಅಪ್ಪ ದೊಡ್ಡತಿಮ್ಮಪ್ಪನವರದು ಕಾಲುವೆ ನೀರಿನ ಭತ್ತದ ಗದ್ದೆ. ಮಾತು ಕಡಿಮೆ, ಮೀಸೆ ಜಾಸ್ತಿ. ಹುಡುಗ ಏನು ಮಾಡುತ್ತಾನೆ ಎಂದು ಕೇಳಿದ್ದೇ ತಡ, ಸೂರಪ್ಪ ಮಾವ ಎಲೆಯಡಿಕೆ ದವಡೆಗೆ ಒತ್ತರಿಸಿ ಹೇಳಿಬಿಟ್ಟ.

"ಹುಡ್ಗ ಫೈರ್ ಪರೀಕ್ಷೆ ಬರ್ದವ್ನೆ. ಆರ್ಡರ್ ಇವತ್ತೋ ನಾಳೆನೋ ಬತ್ತದೆ."

ಬರೆದದ್ದು ನಿಜ. ಫಲಿತಾಂಶದ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮದುವೆಯಾಯಿತು.

ಅಂದಿನಿಂದ ಶುರುವಾಯಿತು ನನ್ನ ಫಜೀತಿ. ಯುಗಾದಿಗೆ ಹೋಗಲಿ, ದೀಪಾವಳಿಗೆ ಹೋಗಲಿ, ಅತ್ತೆ ಹಂಪಕ್ಕ ಕಾಲಿಗೆ ನೀರು ಕೊಡುವ ಮೊದಲೇ ಮಾವನವರು ಜಗಲಿಯಿಂದ ಒಂದೇ ಮಾತು ಕೇಳುತ್ತಿದ್ದರು. "ಬರ್ರಿ ಅಳಿಯಾರ, ಆರ್ಡರ್ ಬಂತೇನ್ರಿ?" ನಾನು ಚಪ್ಪಲಿ ಬಿಡುತ್ತಾ, "ಇನ್ನೂ ಇಲ್ಲ ಮಾವ, ಮೇಲ್ಗಡೆ ಪೆಂಡಿಂಗ್ ಐತೆ" ಎನ್ನುತ್ತಿದ್ದೆ. ಮೇಲ್ಗಡೆ ಎಂದರೆ ಎಲ್ಲಿ ಎಂದು ಅವರು ಕೇಳಿದ್ದರೆ ಆಕಾಶವನ್ನೇ ತೋರಿಸಬೇಕಿತ್ತು. ಅವರು ಕೇಳುತ್ತಿರಲಿಲ್ಲ. "ಹೌದ್ರಿ" ಎಂದು ಬೀಡಿ ಹಚ್ಚುತ್ತಿದ್ದರು. ಆ ಒಂದು 'ಹೌದ್ರಿ'ಯಲ್ಲಿ ನನಗೆ ಇಡೀ ವಂಶದ ಮರ್ಯಾದೆ ಹೋಗುವುದು ಕೇಳಿಸುತ್ತಿತ್ತು. ಹೋಳಿಗೆ ರುಚಿಸುತ್ತಿರಲಿಲ್ಲ. ಆದರೂ ಎರಡು ತಿನ್ನುತ್ತಿದ್ದೆ.

ಹೀಗೇ ವರ್ಷಗಳು ಹೋದವು. ಮತ್ತೊಂದು ನೋಟಿಫಿಕೇಷನ್ ಬಂತು. ನೋಡಿದರೆ ನನ್ನ ವಯಸ್ಸಿಗೆ ಅದೇ ಕಡೆಯ ಅವಕಾಶ. ಇದು ತಪ್ಪಿದರೆ ಮಾವನವರ ಮನೆಯ ಜಗಲಿಯಲ್ಲಿ ಸಾಯುವ ತನಕ ಸುಳ್ಳುಗಾರನಾಗಿ ಚಪ್ಪಲಿ ಬಿಡಬೇಕು. ಅಪ್ಲಿಕೇಷನ್ ಹಾಕಿದೆ.

ಓದುವುದು ಒಂದು ಕಷ್ಟ. ನಾನು ಓದಿದ್ದು ಕನ್ನಡ ಮೀಡಿಯಂ. ಪರೀಕ್ಷೆ ಇಂಗ್ಲಿಷಿನಲ್ಲಿ, ಇಲ್ಲವೇ ತೆಲುಗಿನಲ್ಲಿ. ತೆಲುಗು ಮಾತಾಡು ಅಂದರೆ ಬೆಳಗಿನ ತನಕ ಮಾತಾಡಿಯೇನು, ಓದುವುದಕ್ಕೆ ಮಾತ್ರ ಬಸ್ಸಿನ ಬೋರ್ಡಿನಷ್ಟೇ ಅಭ್ಯಾಸ. ಸಿನಿಮಾ ಪೋಸ್ಟರು, ಗೊಬ್ಬರದ ಚೀಲ, ಏನು ಕಂಡರೂ ನಿಂತು ಓದಿ ಓದಿ ಕಣ್ಣು ಪಳಗಿಸಿಕೊಂಡೆ. ಇನ್ನೊಂದು ಕಷ್ಟ ಓಟ. ಓಡಲು ಚಡ್ಡಿ ಇರಲಿಲ್ಲ. ಶೆಡ್ಡಿನಲ್ಲಿ ರಿಜೆಕ್ಟಾದ ಜೀನ್ಸನ್ನು ಮಂಡಿಗೆ ಕತ್ತರಿಸಿ ಹಾಕಿಕೊಂಡೆ. ಅದು ರಿಜೆಕ್ಟಾದದ್ದು ಯಾರು ಕೂರಿಸಿದ ಜಿಪ್ಪಿನಿಂದ ಎಂದು ಕೇಳಬೇಡಿ. ಬೆಳಿಗ್ಗೆ ಊರ ಹೊರಗಿನ ರಸ್ತೆಯಲ್ಲಿ ಓಡಿದರೆ, ಹಿಂದೆ ನಾಯಿಗಳೂ ಓಡಿಬರುತ್ತಿದ್ದವು. ನನ್ನ ವೇಗ ಹೆಚ್ಚಿದ್ದು ಅವುಗಳ ದಯೆಯಿಂದ.

ನಾನು ಓಡುವ ಹೊತ್ತಿನಲ್ಲಿ ದುರ್ಗಾ ತನ್ನ ಜೇಬು ಮುಗಿಸಿ ನನ್ನ ಪಾಲಿನ ಜಿಪ್ಪುಗಳನ್ನೂ ಕೂರಿಸುತ್ತಿದ್ದಳು. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಮಾಲೀಕನಿಗಂತೂ ಸಂತೋಷವಾಗಿತ್ತು, ರಿಜೆಕ್ಟು ಕಡಿಮೆಯಾಗಿದೆಯಂತೆ.

ಇನ್ನುಳಿದದ್ದು ಎದೆ. ಉಸಿರು ತುಂಬಿದಾಗ ಮೂವತ್ತನಾಲ್ಕು ಇಂಚು ಇರಬೇಕು. ವರ್ಷಗಟ್ಟಲೆ ಮಿಷನ್ನಿನ ಮೇಲೆ ಬಗ್ಗಿ ಕೂತವನ ಎದೆ ಹೇಗಿರುತ್ತದೆ? ಒಳಕ್ಕೆ ಹೋಗಿರುತ್ತದೆ. ದಂಡ ಹೊಡೆದೆ, ಮೊಟ್ಟೆ ತಿಂದೆ. ಪ್ರತಿ ಶುಕ್ರವಾರ ಪೂಜೆಯಾದ ಮೇಲೆ ಕಟಿಂಗ್ ಮಾಸ್ಟರ್ ಉಚ್ಚಂಗೆಪ್ಪನ ಮುಂದೆ ಅಂಗಿ ಬಿಚ್ಚಿ ನಿಲ್ಲುತ್ತಿದ್ದೆ. ಉಚ್ಚಂಗೆಪ್ಪ ಜೀನ್ಸಿಗೆ ಬರುವ ಮೊದಲು ಸ್ವಂತ ಅಂಗಡಿ ಇಟ್ಟು ಊರಿನ ದೊಡ್ಡವರಿಗೆಲ್ಲ ಅಂಗಿ ಹೊಲಿದವನು. ಅವನ ಅಳತೆ ಎಂದರೆ ಅಳತೆ. ಕೊರಳಲ್ಲಿದ್ದ ಟೇಪು ತೆಗೆದು, ನನ್ನ ಎದೆಗೆ ಸುತ್ತಿ, "ಉಸ್ರು ತಗೋರಿ" ಎಂದು, ಕನ್ನಡಕ ಮೇಲಕ್ಕೇರಿಸಿ ನೋಡಿ, "ಪಾಸ್ ಐತ್ರಿ" ಎನ್ನುತ್ತಿದ್ದ. ಶೆಡ್ಡಿನವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ನಾನು ಆ ಇಡೀ ದಿನ ಎದೆ ಮುಂದು ಮಾಡಿಕೊಂಡು ನಡೆಯುತ್ತಿದ್ದೆ, ಒಂದು ಸಲ ಬಾಗಿಲ ಚಿಲಕಕ್ಕೆ ಜೇಬು ಸಿಕ್ಕಿಸಿಕೊಂಡು ಹರಿದುಕೊಂಡೆ.

ಮೊದಲ ಪರೀಕ್ಷೆ ಹೇಗೋ ದಾಟಿತು. ಮೈದಾನದ ಪರೀಕ್ಷೆಗೆ ಅನಂತಪುರಕ್ಕೆ ಕರೆದರು. ಎದೆಗೆ ನಂಬರ್ ಚೀಟಿ ಅಂಟಿಸಿಕೊಂಡು ಸಾಲಿನಲ್ಲಿ ನಿಂತೆ. ಸುತ್ತ ನನಗಿಂತ ಹತ್ತು ವರ್ಷ ಚಿಕ್ಕವರು, ಒಬ್ಬನಂತೂ ನನ್ನನ್ನು "ಅಂಕಲ್, ತಮ್ಮುಡಿನಿ ತೀಸ್ಕೊಚ್ಚಾರಾ?" ಎಂದು ಕೇಳಿದ, ತಮ್ಮನನ್ನು ಕರೆದುಕೊಂಡು ಬಂದಿದ್ದೀರಾ ಅಂತ. ಹೌದೆಂದುಬಿಟ್ಟೆ.

ಎತ್ತರ ಸರಿಯಾಗಿತ್ತು. ಎದೆಯ ಅಳತೆಗೆ ಬಂದಾಗ ನಾನು ನಗುನಗುತ್ತಲೇ ಮುಂದೆ ಹೋದೆ. ಅದು ಶುಕ್ರವಾರಗಳಲ್ಲಿ ಪಾಸಾಗಿ ಪಾಸಾಗಿ ಹಳತಾದ ಎದೆ. ಕಾನ್‌ಸ್ಟೇಬಲ್ ಟೇಪು ಸುತ್ತಿದ, ಚರ್ಮಕ್ಕೆ ಅಂಟುವಂತೆ ಬಿಗಿದ. ಉಸಿರು ತುಂಬಿದೆ. ಅವನು ನೋಡಿ ತಲೆ ಅಡ್ಡಡ್ಡ ಆಡಿಸಿದ. ಮೂವತ್ತನಾಲ್ಕಕ್ಕೆ ಅರ್ಧ ಇಂಚಿನ ಮೇಲೆ ಕಡಿಮೆ. "ಪಕ್ಕಕು ನಿಲಬಡು" ಎಂದು ಪಕ್ಕಕ್ಕೆ ನಿಲ್ಲಿಸಿದ. ಅಪೀಲು ಬರೆದುಕೊಟ್ಟರೆ ಮಧ್ಯಾಹ್ನ ಸಾಹೇಬರ ಮುಂದೆ ಇನ್ನೊಮ್ಮೆ ಅಳೆಯುತ್ತಾರೆ ಎಂದು ಯಾರೋ ಹೇಳಿದರು. ಬರೆದುಕೊಟ್ಟು, ಗೇಟಿನ ಹೊರಗೆ ಬಂದು ಶೆಡ್ಡಿಗೆ ಫೋನ್ ಮಾಡಿದೆ. ಉಚ್ಚಂಗೆಪ್ಪ ಎತ್ತಿಕೊಂಡ.

"ಮಾಸ್ಟರೇ, ನನ್ನ ಎದೆ ಅಳೀವಾಗ ಟೇಪು ಹೆಂಗ್ ಹಿಡೀತಿದ್ರಿ?"

"ಹೆಂಗಂದ್ರ? ಎಲ್ಲರೂ ಹಿಡಿಯೋಹಂಗ. ಒಳಗ ಎರಡು ಬೆರಳು ಇಟ್ಟು."

"ಬೆರಳು ಯಾಕಿಟ್ರಿ?"

"ಇಡದ ಅಳತಿ ತಗೊಂಡ್ರ ಅಂಗಿ ಗುಂಡಿ ಕೂಡ್ತಾವೇನ್ರಿ? ಊಟ ಮಾಡಿದ ಮ್ಯಾಲ ಹರದು ಹೋಗ್ತಾವ." ಅವನ ದನಿಯಲ್ಲಿ ನನ್ನ ಬಗ್ಗೆ ಕನಿಕರವಿತ್ತು. ಇಷ್ಟು ವರ್ಷ ಹೊಲಿಗೆ ಶೆಡ್ಡಿನಲ್ಲಿದ್ದು ಇಷ್ಟೂ ತಿಳಿಯದವನಿಗೆ ಏನು ಹೇಳುವುದು ಎಂಬಂತೆ. ನಿಜ, ಜಿಪ್ಪಿಗೆ ಲೂಸು ಬಿಡುವ ಪದ್ಧತಿ ಇಲ್ಲ, ನನಗೆ ಹೇಗೆ ತಿಳಿಯಬೇಕು? ತಿಂಗಳುಗಟ್ಟಲೆ ಪಾಸಾದದ್ದು ನನ್ನ ಎದೆಯಲ್ಲ, ಎದೆಯ ಜೊತೆಗೆ ಉಚ್ಚಂಗೆಪ್ಪನ ಎರಡು ಬೆರಳು.

ಅಷ್ಟರಲ್ಲಿ ದುರ್ಗಾ ಫೋನ್ ಕಿತ್ತುಕೊಂಡಳು. ವಿಷಯ ಹೇಳಿದೆ. ಅವಳು ಬೆಚ್ಚಲಿಲ್ಲ.

"ನಂಗ ಗೊತ್ತಿತ್ರಿ. ಮೊದಲನೇ ಶುಕ್ರವಾರಾನ ನೋಡೀನಿ, ಮಾಸ್ತರ ಬೆರಳು ಒಳಗಿದ್ವು."

"ಗೊತ್ತಿದ್ದು ಯಾಕ್ ಹೇಳ್ಲಿಲ್ಲ?"

"ಹೇಳಿದ್ರ ನೀವು ಮರುದಿನ ಎದ್ದು ಓಡ್ತಿದ್ರೇನ್ರಿ?"

ಹನ್ನೊಂದು ನೆಪ ಹೇಳಿ ಮುಸುಕು ಹೊದ್ದುಕೊಳ್ಳುತ್ತಿದ್ದೆ ಎಂದು ನನಗಿಂತ ಚೆನ್ನಾಗಿ ಅವಳಿಗೆ ಗೊತ್ತು. ಕೋಪ ಬಂತು, ಆಮೇಲೆ ಅಳುವೂ ಬಂತು. "ಈಗೇನು ಮಾಡ್ಲಿ?" ಎಂದೆ.

"ಮದ್ವಿ ಆದ ಹೊಸದಾಗ ನಿಮ್ಮ ಊರಾಗ ಕೆರಿ ದಂಡಿಗೆ ನಿಂತು ಕುರಿ ಕೂಗಿದ್ರಿ, ನೆನಪೈತೇನು? ಮದ್ವಿ ಅಂಗಿ ಗುಂಡಿ ಹಾರಿ ನನ್ನ ಉಡಿಗೆ ಬಿದ್ದಿತ್ತು. ಹಂಗ ಉಸ್ರು ತಗೋರಿ. ಸಾಹೇಬ್ರ ಮುಂದ ಅಂತ ತಗೋಬ್ಯಾಡ್ರಿ. ಕುರಿ ದೂರ ಹೋಗ್ಯಾವ ಅಂತ ತಗೋರಿ."

ಮಧ್ಯಾಹ್ನ ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅದೇ ಕಾನ್‌ಸ್ಟೇಬಲ್, ಅದೇ ಟೇಪು. ನಾನು ಕಣ್ಣು ಮುಚ್ಚಿದೆ. ಕೆರೆಯಂಗಳ, ಆಚೆ ದಿಬ್ಬದ ಮೇಲೆ ನಮ್ಮ ಕುರಿ ಪಕ್ಕದವರ ಕಡಲೆಕಾಯಿ ಹೊಲಕ್ಕೆ ನುಗ್ಗುತ್ತಿವೆ. ಹೊಕ್ಕುಳಿನಿಂದ ಉಸಿರೆಳೆದೆ. ಬೆನ್ನು ತಾನಾಗಿ ನೆಟ್ಟಗಾಯಿತು, ಭುಜ ಹಿಂದಕ್ಕೆ ಹೋಯಿತು, ಟೇಪು ಕಾನ್‌ಸ್ಟೇಬಲ್‌ನ ಕೈಯಲ್ಲಿ ಜಾರಿತು. "ಸರಿಪೋಯಿಂದಿ ಸಾರ್" ಎಂದ ಅವನು. ಸಾಕಾಯಿತು ಎಂದರ್ಥ. ಆದರೆ ಅಷ್ಟು ಉಸಿರು ಒಳಗೆ ಹೋದ ಮೇಲೆ ಹೊರಗೂ ಬರಬೇಕಲ್ಲ. ನನಗೆ ಅದನ್ನು ಬಿಡುವ ಒಂದೇ ದಾರಿ ಗೊತ್ತಿದ್ದದ್ದು. ಕೂಗು ಮೈದಾನದ ಆ ತುದಿಯ ತನಕ ಹೋಯಿತು. ಓಟದ ಸಾಲಿನಲ್ಲಿದ್ದವರು ಶಿಳ್ಳೆ ಊದಿದರೆಂದು ತಿಳಿದು ಓಡಲು ಶುರುಮಾಡಿದರು; ಅವರನ್ನು ಹಿಂದಕ್ಕೆ ಕರೆಸಬೇಕಾಯಿತು. ಸಾಹೇಬರು ನನ್ನನ್ನೊಮ್ಮೆ ನೋಡಿ ಸಹಿ ಹಾಕಿದರು.

ಓಟ ದಾಟಿದೆ, ಉದ್ದ ಜಿಗಿತ ಮರಳಿನಲ್ಲಿ ಮುಖವಿಟ್ಟು ದಾಟಿದೆ, ಕಡೆಯ ಪರೀಕ್ಷೆ ಬರೆದೆ. ಪಟ್ಟಿಯ ಬಾಲದ ಕಡೆ ನನ್ನ ನಂಬರು ಬಂತು. ಕೆಲವು ತಿಂಗಳಿಗೆ ನಿಜವಾದ ಆರ್ಡರೂ ಬಂತು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಒಂದು ಕೇಜಿ ಮೈಸೂರುಪಾಕು ಕಟ್ಟಿಸಿಕೊಂಡು ಮಾವನವರ ಊರಿಗೆ ಬಸ್ಸು ಹತ್ತಿದೆ. ದುರ್ಗಾ ಹೊಲಿಗೆಗೆ ಬಂದ ಬಂಡಲ್ ಮುಗಿಸಿ ಮರುದಿನ ಬರುತ್ತೇನೆಂದಳು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಅಭ್ಯಾಸ ಮಾಡಿದೆ: ಅವರು ಕೇಳುತ್ತಾರೆ, ನಾನು ತಕ್ಷಣ ಕೊಡಬಾರದು, ಕಾಲು ತೊಳೆದು, ನಿಧಾನವಾಗಿ ಕೊಡಬೇಕು.

ಮಾವನವರು ಜಗಲಿಯಲ್ಲೇ ಇದ್ದರು. "ಬರ್ರಿ ಅಳಿಯಾರ" ಎಂದರು. ಅಷ್ಟೇ. ಬಸ್ಸಿನಲ್ಲಿ ಸೀಟು ಸಿಕ್ಕಿತೇ ಎಂದು ಕೇಳಿದರು. ಊಟವಾಯಿತು. ಎಲೆಯಡಿಕೆಯಾಯಿತು. ಆರ್ಡರಿನ ಮಾತೇ ಇಲ್ಲ. ಕೊನೆಗೆ ನನಗೇ ತಡೆಯಲಾಗಲಿಲ್ಲ.

"ಮಾವ, ಈ ಸಲ ಕೇಳ್ಲಿಲ್ಲ?"

"ಏನು?"

"ಆರ್ಡರ್ ಬಂತಾ ಅಂತ."

ಅವರು ನಾಚಿಕೊಂಡರು. ಅಷ್ಟು ದೊಡ್ಡ ಮೀಸೆಯ ಕೆಳಗೆ ನಾಚಿಕೆ ನೋಡಿದ್ದು ಅದೇ ಮೊದಲು. "ದುರ್ಗಾ ಬೈದಾಳ್ರಿ. ನೀವು ಅದನ್ನ ಮನಸಿಗೆ ಹಚ್ಕಂತೀರಂತ. ನಂಗೇನ್ ಗೊತ್ರಿ? ನೀವು ಬಂದ್ರ ಬಾಯಿ ಬಿಡಂಗಿಲ್ಲ. ನಿಮ್ಮ ಕಡೆ ಕಡ್ಲಿಕಾಯಿ, ನಮ್ಮ ಕಡೆ ಭತ್ತ. ಹೊಲದ ಮಾತೂ ಕೂಡಂಗಿಲ್ಲ. ಅಳಿಯನ ಕೂಡ ಏನರ ಮಾತಾಡಬೇಕಲ್ಲ, ಅದಕ್ಕ ಕೇಳ್ತಿದ್ದೆ."

"ಹೆಣ್ಣು ಕೇಳೋಕೆ ಬಂದಾಗ ನಮ್ಮ ಸೂರಪ್ಪ ಮಾವ ಹೇಳಿದ್ರಲ್ಲ..."

"ಅದನ್ಯಾರು ನಂಬಿದ್ರು? ನೀವು ಬರೋಕಿಂತ ಮೊದಲ ನಮ್ಮ ಹುಡುಗಿ ಹೇಳಿಬಿಟ್ಟಿದ್ಲು, ಆ ಜಿಪ್ಪಿನವ್ರನ್ನ ಬಿಟ್ಟು ಬ್ಯಾರೆಯವ್ರು ಬ್ಯಾಡಂತ. ನಾವು ಜಿಪ್ಪಿನವ್ರಿಗೇ ಕೊಟ್ಟೀವಿ."

ನಾನು ಕವರಿನಿಂದ ಆರ್ಡರ್ ತೆಗೆದು ಅವರ ಕೈಗಿಟ್ಟೆ. ಅವರು ಬೆಳಕಿಗೆ ಹಿಡಿದು ತೆಲುಗು ಅಕ್ಷರಗಳ ಮೇಲೆ ಬೆರಳು ಓಡಿಸಿದರು. ಸರ್ಕಾರದ ಮೊಹರನ್ನು ಮುಟ್ಟಿ ನೋಡಿದರು. ಹಂಪಕ್ಕ ಬಾಗಿಲಲ್ಲಿ ಬಂದು ನಿಂತಳು.

"ಬೆಂಕಿ ಬಿದ್ದ ಮನ್ಯಾಗ ನೀವು ಹೋಗಬೇಕೇನ್ರಿ?" ಎಂದರು ಮಾವ.

"ಹೂಂ, ಮಾವ. ಅದೇ ಕೆಲ್ಸ."

"ಎಲ್ಲರೂ ಹೊರಗ ಓಡಿ ಬರೋವಾಗ?"

"ಹೂಂ."

ಅವರು ಕಾಗದವನ್ನು ಮೊದಲಿದ್ದ ಹಾಗೆಯೇ ಮಡಿಸಿದರು. ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಹಂಪಕ್ಕನಿಗೆ ಕೇಳಿಸದಂತೆ, ನನ್ನ ಕಡೆ ಬಾಗಿ ಕೇಳಿದರು.

"ಇದನ್ನ ವಾಪಸ್ ಕೊಡಾಕ ಬರ್ತದೇನ್ರಿ?"