ಬಾಟ್ಲಕ್ಕ ಮತ್ತು ತುಕ್ಕು ಚಮಚ

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಬಾಟ್ಲಕ್ಕ ಅಂತಲೇ ಕರೆಯುವುದು. ಹತ್ತೊಂಬತ್ತು ವರ್ಷದಿಂದ ಗಾಜಿನ ಬಾಟಲಿ ತೊಳೆಯುತ್ತಿದ್ದಾಳೆ. ಮೊದಲು ಆಸಿಡ್, ಆಮೇಲೆ ಆರು ಸಲ ಶುದ್ಧ ನೀರು. ಐದನೇ ಸಲಕ್ಕೆ ಒಂದು ದಿನವೂ ನಿಲ್ಲಿಸಿದವಳಲ್ಲ. ಓದಿದವರ ಮೇಲೆ ಅವಳಿಗೆ ಎಳ್ಳಷ್ಟೂ ಗೌರವವಿಲ್ಲ, ರೋಗಾಣುಗಳ ಮೇಲೆ ಸ್ವಲ್ಪ ಇದೆ.

ರೋಗಾಣುವಿಗೆ ಬದುಕಲು ಕಬ್ಬಿಣ ಬೇಕು. ನಮ್ಮ ಮೈ ಅದನ್ನು ಬಚ್ಚಿಡುತ್ತದೆ. ಆಗ ಆ ಕಳ್ಳ ಸಣ್ಣ ಸಣ್ಣ ಕೊಕ್ಕೆ ಹೊರಗೆ ಬಿಟ್ಟು ಕಬ್ಬಿಣ ಎಳೆದುಕೊಳ್ಳುತ್ತಾನೆ. ಹೊಟ್ಟೆ ತುಂಬಿತೋ, ಕೊಕ್ಕೆ ಮಾಡುವುದೇ ಬಂದ್. ಅತಿಯಾದರೆ ಅವನಿಗೂ ವಿಷ.

"ಎಲ್ಲಿ ನಿಲ್ಲಿಸ್ಬೇಕು ಅಂತ ಅವಕ್ಕೆ ಗೊತ್ತು. ನಮ್ ಕೋಟಿಗೆ ಗೊತ್ತಾ?" ಎನ್ನುತ್ತಾಳೆ.

ಕೋಟು ಅಂದರೆ ಹೊಸ ಸಂಶೋಧಕ. ಇಸ್ತ್ರಿ ಮಾಡಿದ ಬಿಳಿ ಕೋಟಿನೊಳಗೆ ಬೇರೇನೂ ಇಲ್ಲ ಅಂತ ಅವಳೇ ಇಟ್ಟ ಹೆಸರು. ಅವನು ರೋಗಾಣುಗಳನ್ನು ಕಬ್ಬಿಣವಿಲ್ಲದ ದ್ರವದಲ್ಲಿ ಉಪವಾಸ ಕೆಡವಬೇಕಿತ್ತು. ಅವು ಕೊಕ್ಕೆ ಬಿಟ್ಟರೆ ಪರೀಕ್ಷೆಗೆಂದು ಹಾಕುವ ನೀಲಿ ಬಣ್ಣ ಕಿತ್ತಳೆಯಾಗುತ್ತದೆ. ಮೂರು ಸಲ ಮಾಡಿದ. ಮೂರು ಸಲವೂ ನೀಲಿ ನೀಲಿಯಾಗಿಯೇ ಉಳಿಯಿತು.

"ಬಾಟ್ಲೀಲೇ ಕಬ್ಬಿಣ ಉಳಿದಿದೆ ಮೇಡಂ. ತೊಳೆಯೋರಿಗೆ ವಯಸ್ಸಾಯ್ತು," ಎಂದ ವಿಭಾಗದ ಮುಖ್ಯಸ್ಥೆಗೆ, ಬಾಟ್ಲಕ್ಕನ ಎದುರೇ.

"ಇನ್ನೊಂದ್ಸಲ ನೋಡೋಣ ಅಕ್ಕ," ಎಂದರು ಮೇಡಂ. "ಆಗ್ಲೂ ಹೀಗೇ ಆದ್ರೆ ಈ ಕೆಲ್ಸಕ್ಕೆ ಬೇರೆಯವ್ರನ್ನ ತಗೋಬೇಕಾಗತ್ತೆ."

ಮರುದಿನ ಬಾಟ್ಲಕ್ಕ ಸ್ಟೂಲು ಎಳೆದುಕೊಂಡು ಕೋಟಿನ ಪಕ್ಕದಲ್ಲೇ ಕೂತಳು. ಮಹಾಶಯ ತನ್ನ ಊಟದ ಡಬ್ಬಿಯಿಂದ ಚಮಚ ತೆಗೆದ. ಅದರ ಕುತ್ತಿಗೆಯಲ್ಲಿ ಕೆಂಪು ತುಕ್ಕು. ಅದರಲ್ಲೇ ದ್ರವಕ್ಕೆ ಬೇಕಾದ ಉಪ್ಪಿನ ಪುಡಿ ಮೊಗೆದು ಬಾಟಲಿಗೆ ಹಾಕಿ, ಕಲಕಿ, ಚಮಚ ಅದರಲ್ಲೇ ಬಿಟ್ಟು ಫೋನು ನೋಡುತ್ತಾ ನಿಂತ.

"ಏನಪ್ಪಾ, ಉಪವಾಸ ಅಂತೀಯ, ಕಬ್ಬಿಣಾನ ಬಾಯಿಗೇ ಇಡ್ತೀಯ?"

"ಇದು ಸ್ಟೀಲು."

"ಸ್ಟೀಲೇನು ಮರದಲ್ಲಿ ಬಿಡತ್ತಾ?"

ಅವಳು ಸೀದಾ ಹೋಗಿ ಮೇಡಂ ಅವರನ್ನು ಕರೆತಂದಳು. ಅವಳು ತೊಳೆದಿಟ್ಟಿದ್ದ ನಾಲ್ಕು ಬಾಟಲಿ ತೆಗೆದುಕೊಂಡರು. ಎರಡಕ್ಕೆ ಕೋಟಿನ ಚಮಚದಿಂದ ಪುಡಿ, ಎರಡಕ್ಕೆ ಅವಳು ಆಸಿಡ್‌ನಲ್ಲಿ ತೊಳೆದ ಪ್ಲಾಸ್ಟಿಕ್ ಚಮಚದಿಂದ; ನಾಲ್ಕಕ್ಕೂ ಅದೇ ರೋಗಾಣು. ಎರಡು ದಿನದ ಮೇಲೆ ನೋಡಿದರೆ ಕೋಟಿನ ಬಾಟಲಿಗಳು ನೀಲಿ, ಅವಳವು ಕಿತ್ತಳೆ.

ಮೇಡಂ ಬಾಟ್ಲಕ್ಕನ ಭುಜ ಮುಟ್ಟಿ ಹೋದರು. ಕೋಟು 'ವಿಶೇಷ ಮುನ್ನೆಚ್ಚರಿಕೆ: ಪ್ಲಾಸ್ಟಿಕ್ ಚಮಚ ಮಾತ್ರ' ಅಂತ ತನ್ನ ಪುಸ್ತಕದಲ್ಲಿ ಬರೆದುಕೊಂಡ, ತಾನೇ ಕಂಡುಹಿಡಿದವನ ಹಾಗೆ.

ಬಾಟ್ಲಕ್ಕ ಅವನ ಚಮಚ ತಂದು ಮೇಜಿನ ಮೇಲಿಟ್ಟಳು.

"ತಗೋ, ತೊಳೆದಿದ್ದೀನಿ. ಆರು ಸಲ."