ಮುಂಜಾನಿ ಕಾಲು ಸುಳ್ಳು ಹೇಳ್ತದ

ಅವರ ಬಲಗೈ ಹೆಬ್ಬೆರಳಿನ ಉಗುರು ಚಮಚದಷ್ಟು ಅಗಲ, ಅಂಚಿಗೆ ಪಾಲಿಶಿನ ಕರಿ ಗೆರಿ. ಆ ಹೆಬ್ಬೆರಳಲೇ ನನ್ನ ಪಾದದ ಬಾಜೂ ಒತ್ತಿ, ಕಿರುಬೆರಳಿನ ಬುಡದಾಗಿನ ಎಲುಬು ಹುಡುಕಿ, "ಇಲ್ಲೇ ಅಲ್ರಿ ಉರಿಯೂದು?" ಅಂತ ಕೇಳಿದ್ರು. ಅಲ್ಲೇ ಉರೀತಿತ್ತು. ಎಲ್ಲಿ ಅಂತ ನಾನಿನ್ನೂ ಹೇಳಿರಲೇ ಇಲ್ಲ.

ಕೋಥರೂಡದಾಗ ನಮ್ಮ ಸೊಸೈಟಿ ಹಿಂದ ತರಕಾರಿ ಮಾರ್ಕೆಟ್ ಅದ. ಅದರ ಬಾಜೂಕ ತಗಡಿನ ಡಬ್ಬಿಯಂಥಾ ಅಂಗಡಿ, ಒಳಗ ಚಪ್ಪಲಿ ಹೊಲಿಯೋ ಈ ಕಾಕಾ. ಈಗ ಆ ಡಬ್ಬಿಗೆ ಕೀಲಿ ಬಿದ್ದದ.

ಮೊದಲ ನನ್ನ ಪಾದದ ಕಥಿ ಕೇಳ್ರಿ. ಪಾದ ಅಲ್ಲ ಅವು, ಜ್ವಾಳದ ರೊಟ್ಟಿ. ನಲವತ್ತು ದಾಟಿದ ಮ್ಯಾಲೆ ನನಗ ಗುಡ್ಡ ಹತ್ತೋ ಸೈಕಲ್ಲಿನ ಹುಚ್ಚು ಹಿಡೀತು. ಟೇಕಡಿ, ಅಂದ್ರ ಇಲ್ಲಿನ ಗುಡ್ಡ ಹತ್ತೂದು, ಕಲ್ಲಿನ ಹಾದ್ಯಾಗ ಇಳಿಯೂದು. ಸೈಕಲ್ ಚಲೋದು ಸಿಕ್ತು, ಶೂ ಸಿಗಲಿಲ್ಲ. ಆ ಶೂಗಳ ತಳ ಗಟ್ಟಿ, ಮುಂದಿನ ತುದಿ ಮೂಲಂಗಿಯಂಗ ಚೂಪು. ಅರ್ಧಾ ತಾಸಿನ್ಯಾಗ ಬೆರಳು ಜೋಮು ಹಿಡೀತಿದ್ವು. ಇಳಿಜಾರಿನ್ಯಾಗ ಉಗುರು ಕರ್ರಗಾಗ್ತಿದ್ವು. ಆನ್‌ಲೈನ್ ನಾಕು ಜೋಡಿ ತರಿಸಿ ನಾಕೂ ವಾಪಸ್ ಕಳಿಸೀನಿ. ಅಂಗಡ್ಯಾಗ ಹೋದ್ರ ಎಲ್ಲಾರದೂ ಒಂದೇ ಮಾತು, ಒಂದು ನಂಬರ್ ದೊಡ್ಡದು ತಗೋರಿ ಮ್ಯಾಡಮ್. ತಗೊಂಡೆ. ಹಿಮ್ಮಡಿ ಒಳಗ ಕುಣೀತು, ಬೆರಳು ಮಾತ್ರ ಹಂಗೇ ಸಿಕ್ಕೊಂಡು ಕುಂತ್ವು.

ಆ ಐದನೇ ಜೋಡಿ ಹಿಡ್ಕೊಂಡು ಒಂದಿನ ಮುಂಜಾನೆ ಕಾಕಾನ ಹಂತ್ಯಾಕ ಹೋದೆ. ಮರಾಠಿಯೊಳಗ ಶುರು ಮಾಡಿದ್ದೆ, ಅಷ್ಟರಾಗ ನಮ್ಮವ್ವನ ಫೋನ್. "ಅವ್ವಾ, ಇಡು ಈಗ, ಆಮ್ಯಾಲೆ ಮಾಡ್ತೀನಿ" ಅಂದದ್ದೇ ತಡ, ಕಾಕಾ ಸೂಜಿ ಕೆಳಗಿಟ್ರು.

"ಯಾವೂರ್ರಿ ಅಕ್ಕಾರ?"

"ವಿಜಯಪುರ. ನಿಮ್ಮದು?"

"ಅಥಣಿ ಕಡೀದು. ನಲವತ್ತು ವರ್ಷಾತು ಇಲ್ಲಿಗೆ ಬಂದು." ಶೂ ತಿರುವಿ ನೋಡಿ ನಕ್ರು. "ಕಾಲು ಅಗಲ ಅದ ಅಂತ ಶೂ ಉದ್ದಂದು ತಗೊಂಡೀರಿ? ಹೊಟ್ಟಿ ಬಂದಾವ ಉದ್ದನ್ನ ಪ್ಯಾಂಟ್ ಹೊಲಿಸಿದಂಗಾತು!"

ಅಳತಿ ತಗೋರಿ ಅಂದ್ರ ತಲಿ ಅಳ್ಳಾಡಿಸಿದ್ರು. "ಸಂಜೀಕ ಬರ್ರಿ, ಸೈಕಲ್ ಹೊಡದು. ಮುಂಜಾನಿ ಕಾಲು ಸುಳ್ಳು ಹೇಳ್ತದ. ದುಡದ ಮ್ಯಾಲೆ ಖರೇ ಹೇಳ್ತದ."

ಸಂಜೀಕ ಮರಾಠಿ ಪೇಪರ್ ಹಾಸಿ, ಸಾಕ್ಸ್ ಸಮೇತ ಅದರ ಮ್ಯಾಲೆ ನಿಲ್ಲಿಸಿದ್ರು. ಕುಂತು ಕೊಡೋಹಂಗಿಲ್ಲ, ಮೈಭಾರ ಪೂರಾ ಬೀಳಬೇಕು. ಒಂದು ಕಾಲು ಕೊಟ್ರ ಸಾಕಾಗೂದಿಲ್ಲ. "ಎರಡೂ ಕೊಡ್ರಿ. ಜೋಡಿ ಅಂತೀವಿ ಖರೇ, ಒಂದರಂಗ ಇನ್ನೊಂದು ಇರೂದಿಲ್ಲ." ಪೆನ್ಸಿಲ್ ನೆಟ್ಟಗ ಹಿಡದು ಸುತ್ತಲೂ ಗೆರಿ ಎಳದ್ರು. ಆಮ್ಯಾಲೆ ಶೂ ಒಳಗಿನ ಮೆತ್ತನ್ನ ಪಟ್ಟಿ ಹೊರಗ ಜಗ್ಗಿ, ಆ ಗೆರಿ ಮ್ಯಾಲೆ ಇಟ್ರು. ಎರಡೂ ಕಡೆ ನನ್ನ ಪಾದ ಬೆರಳಗಲ ಹೊರಗ!

"ಹೊಳಿ ದಂಡಿ ದಾಟೇದ ನೋಡ್ರಿ. ಈ ಪೇಪರ್ ಒಯ್ರಿ. ಅಂಗಡ್ಯಾಗ ಮೊದಲ ಪಟ್ಟಿ ತಗದು ಇದರ ಮ್ಯಾಲಿಟ್ಟು ನೋಡ್ರಿ, ಕಾಲು ಆಮ್ಯಾಲೆ ಹಾಕ್ರಿ."

ನಾನು ಅಂಗಡ್ಯಾಗ ನೆಲಕ್ಕ ಪೇಪರ್ ಹಾಸಿ ಕುಂತಾಗ ಸೇಲ್ಸ್‌ಮನ್ ನಕ್ಕ. ನಗ್ಲಿ ಬಿಡ್ರಿ. ಗಂಡಸರ ಕಪಾಟಿನ್ಯಾಗ ಒಂದು ಜೋಡಿ ಸಿಕ್ತು. ಕಿರುಬೆರಳ ಹಂತ್ಯಾಕ ಮಾತ್ರ ಸ್ವಲ್ಪ ಬಿಗಿ. ಕಾಕಾ ಕಟ್ಟಿಗಿ ಪಾದದ ಅಚ್ಚಿಗೆ ಅಲ್ಲೇ ಒಂದು ಚರ್ಮದ ತುಂಡು ಬಡದು, ಶೂ ಒಳಗ ತುರುಕಿ, ಎರಡು ದಿನ ಬಿಟ್ರು. ಆ ಐತವಾರ ಟೇಕಡಿ ಹತ್ತಿ ಇಳದು ಬಂದು ಹೇಳಿದೆ, "ಕಾಕಾ, ಶೂ ಹಾಕ್ಕೊಂಡೀನಿ ಅನ್ನೂದೇ ಮರತುಹೋಗಿತ್ತು."

"ಆತು. ಶೂ ನೆನಪಿಗೆ ಬರಬಾರ್ದು."

ಆಮ್ಯಾಲೆ ಕೆಲಸ ಇರಲಿ ಬಿಡಲಿ, ಅಲ್ಲೇ ಹೋಗಿ ಕುಂದ್ರೂದು ರೂಢಿ ಆತು. ಒಂದು ಸಂಜೀಕ ಸಡಲಿದ ಶೂ ತಳ ಅಂಟಿಸಿಕೊಳ್ಳಾಕ ಹೋಗಿದ್ದೆ. ಅಂಟು ತರಾಕ ಕಾಕಾ ಎದ್ದು ಎರಡು ಹೆಜ್ಜಿ ಇಟ್ರು. ಕೆಳಗಿನ ಪೇಪರ್ ಮ್ಯಾಲೆ ಕೆಂಪು ಕಲಿ.

"ಕಾಕಾ, ರಕ್ತ!"

ಬಗ್ಗಿ ನೋಡಿದ್ರು, ಬ್ಯಾರೆಯವರ ಕಾಲು ನೋಡಿದಂಗ. ಎಡಗಾಲಿನ ಚಪ್ಪಲಿ ದಾಟಿ ಪಾದದಾಗ ಅವರದೇ ಸಣ್ಣ ಮೊಳಿ ನೆಟ್ಟಿತ್ತು. ಯಾವಾಗಿಂದೋ ಏನೋ. ಇಕ್ಕಳಲೇ ಕಿತ್ತು ಡಬ್ಬಿಗೆ ಹಾಕಿದ್ರು. "ಶುಗರ್ ಅದ ಅಲ್ರಿ. ಎರಡು ವರ್ಷಾತು, ನಮ್ಮ ಕಾಲು ಮಾತಾಡೂದು ಬಿಟ್ಟಾವ. ನಿಮಗ ನೋಯ್ತದ ಅಂತ ಬೈತೀರಿ. ನೋಯ್ಲಿ ಬಿಡ್ರಿ ಅಕ್ಕಾರ, ಪುಣ್ಯಾ ಅದು."

"ಡಾಕ್ಟರ್‌ಗೆ ತೋರಸ್ರಿ" ಅಂದೆ.

"ಹೂಂ" ಅಂದ್ರು.

ಅಷ್ಟೇ. ಶೂ ತಗೊಂಡು ಮನಿಗೆ ಬಂದೆ. ಮರುದಿನ ಸೈಕಲ್ ತಗೊಂಡು ಮುಳಶಿ ಕಡೆ ಹೋಗೂದಿತ್ತು. ಅವತ್ತು ನನ್ನ ಶೂ ಫೋಟೋ ಇಲ್ಲೇ, ಈ ಪೇಜಿನ್ಯಾಗ ಹಾಕಿದ್ದೆ, ನೀವೆಲ್ಲಾ ಲೈಕ್ ಕೊಟ್ಟಿದ್ರಿ.

ಹದಿನೈದು ದಿನ ಆಫೀಸು, ಮಳಿ, ಏನೇನೋ ನೆವ. ಹೋದಾಗ ಕೀಲಿ. ಬಾಜೂಕ ಮೆಂತೆ ಮಾರೋ ಮಾವಶಿ ದವಾಖಾನಿ ಹೆಸರು ಹೇಳಿದ್ಲು.

ಬಾಳಿಹಣ್ಣು ಪೇಪರಿನ್ಯಾಗ ಸುತ್ತಿಸ್ಕೊಂಡು ಹೋದೆ. ಚಾದರದ ಕೆಳಗ ಎಡಗಾಲು ಮೊಣಕಾಲಿಗೇ ಮುಗದಿತ್ತು. ನನ್ನ ಮಾರಿ ನೋಡಿ ಅವರೇ ಮಾತು ತಗದ್ರು. "ಇನ್ನ ನಮಗ ಅರ್ಧಾ ಜೋಡಿ ಸಾಕ್ರಿ ಅಕ್ಕಾರ." ಬಾಜೂಕ ಕುಂತಿದ್ದ ಅವರ ಹೆಂಡ್ತಿ ಆ ಕಡೆ ಮಾರಿ ತಿರುವಿದ್ರು.

ಕಾಕಾ ಹಣ್ಣು ಸುತ್ತಿದ್ದ ಆ ಪೇಪರ್ ನೋಡಿ ಅಂದ್ರು, "ಊರ ಮಂದೀದೆಲ್ಲಾ ತಗದೀನಿ. ನನ್ನ ಅಳತಿ ಯಾರೂ ತಗದಿಲ್ಲ. ತಗೀತೀರೇನು?"

"ಕುಂತಲ್ಲೇ ಇರ್ರಿ ಕಾಕಾ."

"ಛೆ, ನಿಲ್ಲಸ್ರಿ. ಸುಳ್ಳು ಅಳತಿ ಯಾಕ?"

ಹೆಂಡ್ತಿ ಬಗಲಿಗೆ ಕೈ ಕೊಟ್ಟು ಎಬ್ಬಿಸಿದ್ರು. ಮೈಭಾರ ಎಲ್ಲಾ ಆ ಒಂದೇ ಕಾಲಿನ ಮ್ಯಾಲೆ. ನಾ ನೆಲಕ್ಕ ಕುಂತು ನರ್ಸ್ ಕೊಟ್ಟ ಪೆನ್ನಿಲೆ ಗೆರಿ ಎಳದೆ.

"ಕಾಕಾ, ನಿಮ್ಮದೂ ರೊಟ್ಟೀನೇ ಅಲ್ರಿ!"

"ಯಾರಿಗೂ ಹೇಳಬ್ಯಾಡ್ರಿ. ಧಂದೆ ಕೆಡ್ತದ."

ಅವರಿಗೊಂದು ಮೆತ್ತನ್ನ ಶೂ ಹುಡುಕಿದೆ, ಪಟ್ಟಿ ತಗದು ಗೆರಿ ಮ್ಯಾಲಿಟ್ಟು, ಅವರು ಕಲಿಸಿದಂಗ. ಒಂದೇ ಕಾಲಿಂದು ಎಲ್ಲೂ ಕೊಡೂದಿಲ್ಲ, ಜೋಡೀನೇ ತಗೊಂಡೆ. ಒಯ್ದು ಕೊಡೋದ್ರೊಳಗ ನಂಜು ಮೈಯೆಲ್ಲಾ ಏರಿತ್ತು. ಕಾಕಾ ಹೋಗಿಬಿಟ್ಟಿದ್ರು. ಹೆಂಡ್ತಿ ಶೂದ ಡಬ್ಬಿ ಬಿಚ್ಚಿ, ಬಲಗಾಲಿಂದು ಇಟ್ಕೊಂಡು, ಎಡಗಾಲಿಂದು ನನ್ನ ಕೈಯಾಗ ವಾಪಸ್ ಕೊಟ್ರು.

ನಮ್ಮವ್ವ ಈಗ ನನ್ನ ಹಂತ್ಯಾಕನೇ ಇರ್ತಾಳ. ಅಕಿಗೂ ಶುಗರ್. ದಿನಾ ಸಂಜೀಕ ಅಕಿ ಪಾದ ಎರಡೂ ತೊಡಿಮ್ಯಾಲೆ ಇಟ್ಕೊಂಡು, ಬೆರಳಿನ ಸಂದಿ, ಹಿಮ್ಮಡಿ ಎಲ್ಲಾ ತಿರುವಿ ನೋಡ್ತೀನಿ. "ಏನ ನೋಡ್ತಿಯೇ ದಿನಾ? ಕಾಲು ಅದಾವ, ಎಲ್ಲಿಗೂ ಹೋಗಿಲ್ಲ" ಅಂತ ಬೈತಾಳ.

ಬೈಲಿ. ಅವತ್ತು ರಕ್ತ ನೋಡಿ, ಶೂ ತಗೊಂಡು ಎದ್ದು ಬಂದಾಕಿ ನಾನು.