ರಜೆ ಯಾರನ್ನು ಕೇಳಬೇಕು ಗಾಳೆಪ್ಪ?

ಕಂಪ್ಲಿ ದಾಟಿ ಮೂರು ಕಿಲೋಮೀಟರ್. ಬೆಳಗಿನ ಆರು ಗಂಟೆಗೇ ಕಾಲುವೆಯ ದಂಡೆಯ ಮೇಲೆ ಐವತ್ತು ಜನ ನಿಂತಿದ್ದಾರೆ. ಅಕ್ಕಿ ಗಿರಣಿಯ ಹಮಾಲಿಯೊಬ್ಬರು ಹಿಂದಿನ ಸಂಜೆ ಕೈಕಾಲು ತೊಳೆಯಲು ಇಳಿದವರು ಮೇಲೆ ಬಂದಿಲ್ಲ. ಗಾಳೆಪ್ಪ ಅಂಗಿ ಕಳಚುತ್ತಾರೆ, ಸೊಂಟಕ್ಕೆ ಹಗ್ಗ ಬಿಗಿಯುತ್ತಾರೆ, ಬೊಗಸೆ ನೀರನ್ನು ಹಣೆಗೆ ಒತ್ತಿಕೊಂಡು ಮುಳುಗುತ್ತಾರೆ. ಮೇಲೆ ಬಂದು ಉಸಿರು ಎಳೆದುಕೊಂಡು ಮತ್ತೆ ಮುಳುಗುತ್ತಾರೆ. ಹನ್ನೊಂದನೇ ಸಲ ಹಗ್ಗ ಎರಡು ಬಾರಿ ಜಗ್ಗುತ್ತದೆ. ಎಳೆಯಿರಿ ಎಂಬ ಸೂಚನೆ ಅದು. ದಂಡೆಯ ಮೇಲಿನ ಹೆಂಗಸೊಬ್ಬರ ಅಳು ಒಮ್ಮೆಲೇ ಎದ್ದು ಕಬ್ಬಿನ ಗದ್ದೆಗಳ ಆಚೆಗೂ ಕೇಳಿಸುತ್ತದೆ.

ಅರ್ಧ ತಾಸಿನ ನಂತರ ಗಾಳೆಪ್ಪ ಚಹಾದಂಗಡಿಯ ಬೆಂಚಿನ ಮೇಲಿದ್ದಾರೆ. ತಲೆ ಇನ್ನೂ ಒದ್ದೆ. ಅಂಗಿಯ ಕಿಸೆಯಿಂದ ನಾಲ್ಕು ಮಡಿಕೆಯ ಕಾಗದ, ಮಗಳು ಬರೆದುಕೊಟ್ಟ ಅಂಡಮಾನ್ ಪ್ರವಾಸದ ಪಟ್ಟಿ, ತೆಗೆದು ಮೊಣಕಾಲ ಮೇಲೆ ಹರಡಿಕೊಳ್ಳುತ್ತಾರೆ.

"ಇದೊಂದು ತಿಳೀವಲ್ದ್ರಿ. ಹ್ಯಾವ್‌ಲಾಕ್ ಅಂತ ಬರದಾಳ, ಸ್ವರಾಜ್ ದ್ವೀಪ ಅಂತ ಬರದಾಳ. ನೀಲ್ ಅಂತೈತಿ, ಶಹೀದ್ ದ್ವೀಪ ಅಂತೈತಿ. ನಾಕು ದ್ವೀಪ ಅಂತ ನಾಕು ದಿನ ಲೆಕ್ಕ ಹಾಕಿದ್ದೆ. ಈಗ ನೋಡಿದ್ರ ಅವು ಎಲ್ಡ ಅಂತ, ಹೆಸರು ಬದಲು ಮಾಡ್ಯಾರಂತ. ಹಂಗಾರ ಉಳಿದ ಎಲ್ಡು ದಿನ ಎಲ್ಲಿ ಹೋಗೋದು?"

ಗಾಳೆಪ್ಪನವರಿಗೆ ನಲವತ್ತಾರು ವರ್ಷ. ಅಪ್ಪನಂತೆ ಮೀನುಗಾರರು. ಬೆಳಗ್ಗೆ ಹರಿಗೋಲಿನಲ್ಲಿ ತುಂಗಭದ್ರೆಗೆ ಇಳಿದರೆ ಮೂರ್ನಾಲ್ಕು ಕಿಲೋ ಮೀನು, ಒಳ್ಳೆಯ ದಿನ ಎಂಟು. ಹತ್ತೊಂಬತ್ತು ವರ್ಷಗಳ ಹಿಂದೆ ಪಕ್ಕದ ಮನೆಯವರೊಬ್ಬರು ಕಾಲುವೆಗೆ ಬಿದ್ದಾಗ, ಯಾರೂ ಇಳಿಯಲಿಲ್ಲವೆಂದು ಇವರು ಇಳಿದರು. ಅಂದಿನಿಂದ ಹೊಸಪೇಟೆ, ಗಂಗಾವತಿ, ಸಂಡೂರಿನ ನಾರಿಹಳ್ಳ, ಹೀಗೆ ಎಲ್ಲಿ ಯಾರು ಮುಳುಗಿದರೂ ಪೊಲೀಸರಿಂದಲೋ ಊರಿನವರಿಂದಲೋ ಕರೆ ಬರುತ್ತದೆ. ಮೇಲೆತ್ತಿದ ಹೆಣಗಳು ನೂರು ದಾಟಿರಬೇಕು ಎನ್ನುತ್ತಾರೆ ಊರಿನವರು. ಇವರು ಎಣಿಸಿಲ್ಲ. "ಅದನ್ನೇನು ಎಣಸ್ತೀರ್ರಿ, ಬ್ಯಾಡ," ಎಂದು ಕೈಯಾಡಿಸಿಬಿಡುತ್ತಾರೆ.

ಅಷ್ಟು ಸಲ ಮುಳುಗಿದರೂ ನೀರಿನೊಳಗೆ ಅವರು ಏನನ್ನೂ ಕಂಡವರಲ್ಲ. ಕೆಸರು ಬಡಿಯುತ್ತದೆಂದು ಕಣ್ಣು ಮುಚ್ಚಿಯೇ ಮುಳುಗುತ್ತಾರೆ. ಹುಡುಕುವುದೆಲ್ಲ ಕೈಕಾಲಿನಿಂದ.

ಅಂಡಮಾನ್ ಅವರ ಮನೆಗೆ ಬಂದದ್ದು ಮಗಳು ಚಂದ್ರಕಲಾ ಮೂಲಕ. ಆಕೆ ಹಂಪಿಯ ಒಂದು ಗೆಸ್ಟ್ ಹೌಸಿನಲ್ಲಿ ರೂಮ್ ಬುಕಿಂಗ್ ನೋಡಿಕೊಳ್ಳುತ್ತಾಳೆ. ಅಲ್ಲಿ ಉಳಿದಿದ್ದ ಪ್ರವಾಸಿಯೊಬ್ಬರು ಕಳಿಸಿದ ವಿಡಿಯೊ ಒಂದನ್ನು ಅಪ್ಪನಿಗೆ ತೋರಿಸಿದಳು. ಗಾಜಿನಂಥ ನೀರು, ಬಣ್ಣದ ಮೀನು, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಮನುಷ್ಯರು. ಗಾಳೆಪ್ಪ ನಾಲ್ಕು ಸಲ ನೋಡಿದರು.

"ಇವ್ರು ಯಾರ್ನ ಹುಡುಕಾಕತ್ಯಾರ?" ಎಂದು ಕೇಳಿದರು.

"ಯಾರನ್ನೂ ಇಲ್ಲಪ್ಪ. ಸುಮ್ನ ನೋಡಾಕ ಇಳಿದಾರ."

"ಸುಮ್ನ? ರೊಕ್ಕ ಕೊಟ್ಟು?"

ನಂಬಿಕೆಯೇ ಬರಲಿಲ್ಲ. ಆದರೆ ಮೂರನೇ ದಿನ ಮೀನಿನ ಬಲೆ ಬಿಡಿಸುತ್ತಾ ತಾವಾಗಿಯೇ ಕೇಳಿದರು: "ಅಲ್ಲಿಗೆ ಹೋಗಾಕ ಎಷ್ಟು ಬೇಕಾಗ್ತೈತಿ?"

ಅಂದಿನಿಂದ ಶುರುವಾದ ಗೊಂದಲ ಇನ್ನೂ ಮುಗಿದಿಲ್ಲ. ಚಂದ್ರಕಲಾ ಕೂಡಿಟ್ಟದ್ದು ನಲವತ್ತು ಸಾವಿರ. ಅದರಲ್ಲೇ ಅಪ್ಪ ಮಗಳು ಹೋಗಿ ಬರಬೇಕು. ಚೆನ್ನೈನಿಂದ ಹಡಗು ಅಗ್ಗ, ಆದರೆ ಅದು ಹೊರಡುವ ದಿನ ಮೊದಲೇ ಗೊತ್ತಾಗುವುದಿಲ್ಲ. ವಿಮಾನದ ದಿನ ಗೊತ್ತು, ದರ ಕೈಗೆಟುಕುವುದಿಲ್ಲ. ಇನ್ನು ಗಾಳೆಪ್ಪನವರಿಗೆ ಬಿಡುವಾಗುವುದು ಬೇಸಿಗೆಯಲ್ಲಿ ಕಾಲುವೆ ಬಂದ್ ಆದಮೇಲೆ. ಅದು ಯಾವಾಗ ಬಂದ್ ಆಗುತ್ತದೋ ರೈತರಿಗೇ ಗೊತ್ತಿರುವುದಿಲ್ಲ. ಮಗಳು ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುವುದು, ಮತ್ತೆ ಅಳಿಸುವುದು. ಏಪ್ರಿಲ್ ಪುಟ ತೂತಾಗುವಷ್ಟು ತೆಳುವಾಗಿದೆ.

ಡೈವಿಂಗ್ ಕಂಪನಿಯೊಂದು ಕಳಿಸಿದ ಅರ್ಜಿಯಲ್ಲಿ, ಈಜು ಬರದವರೂ ಇಳಿಯಬಹುದು, ತರಬೇತುದಾರರು ಕೈ ಹಿಡಿದಿರುತ್ತಾರೆ ಎಂದಿತ್ತು. ಅದನ್ನು ಓದಿಸಿಕೊಂಡು ಗಾಳೆಪ್ಪ ಬಹಳ ಹೊತ್ತು ನಕ್ಕರು. ಮುಂದಿನ ಪ್ರಶ್ನೆಗೆ ನಗು ನಿಂತಿತು. ಕಿವಿಯ ತೊಂದರೆ ಇದೆಯೇ? ಇದ್ದರೆ ವೈದ್ಯರ ಸಹಿ ತನ್ನಿ.

ಎಡಗಿವಿ ಆರು ವರ್ಷದಿಂದ ಸೋರುತ್ತಿದೆ. ಹೊಸಪೇಟೆಯ ಡಾಕ್ಟರಮ್ಮ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಕಿವಿಯ ತಮಟೆಯಲ್ಲಿ ತೂತು. ಸಹಿ ಹಾಕಲಿಲ್ಲ. "ಸಮುದ್ರ ಅಷ್ಟೇ ಅಲ್ಲ, ನೀವು ಇಲ್ಲಿಯೂ ಮುಳುಗಬಾರದು," ಎಂದು ಖಡಾಖಂಡಿತವಾಗಿ ಹೇಳಿದರು.

ಆ ದಿನ ನೆನೆದರೆ ಗಾಳೆಪ್ಪ ಈಗಲೂ ಕಕ್ಕಾಬಿಕ್ಕಿಯಾಗುತ್ತಾರೆ. "ಅಲ್ಲಿ ಬ್ಯಾಡ ಅಂದ್ರ ಬಿಡಬಹುದ್ರಿ. ಅದು ಮೋಜು. ಇಲ್ಲಿ ದಂಡಿ ಮ್ಯಾಲೆ ತಾಯಿ ನಿಂತಿರ್ತಾಳ. ಆಕಿಗೆ ನನ್ನ ಕಿವಿ ಸರಿ ಇಲ್ಲ ತಾಯಿ ಅಂತ ಹೆಂಗ ಹೇಳ್ಲಿ? ಡಾಕ್ಟರಮ್ಮ ಹೇಳಿದ್ದೂ ಖರೆ. ನಂಗ ಏನೂ ತೋಚವಲ್ದು."

ಆ ವಾರ ದ್ವೀಪದ ಮಾತು ಮನೆಯಲ್ಲಿ ನಿಂತೇಹೋಯಿತು. ಅದನ್ನು ಮತ್ತೆ ಎತ್ತಿದವರು ಹೆಂಡತಿ ಹುಲಿಗೆಮ್ಮ. ಅಲ್ಲಿಯವರೆಗೆ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ರೊಟ್ಟಿ ಬಡಿಯುತ್ತಲೇ ಮಗಳನ್ನು ಕೇಳಿದರು: "ಅಡಿಯಾಗ ಗಾಜು ಇರೋ ದೋಣಿ ಐತಿ ಅಂದಿದ್ದೆಲ್ಲ? ಅದಕ್ಕ ಕಿವಿ ಬೇಕೇನು?"

ಬೇಕಿಲ್ಲ. ಕುಳಿತಲ್ಲಿಂದಲೇ ತಳ ಕಾಣುತ್ತದೆ.

"ಹಂಗಾರ ನಾನೂ ಬರ್ತೀನಿ. ಈತ ನೀರಿಗೆ ಇಳಿಯೋದು, ನಾ ದಂಡಿ ಮ್ಯಾಲೆ ಜೀವ ಹಿಡ್ಕೊಂಡು ಕುಂದ್ರೋದು, ಹತ್ತೊಂಬತ್ತು ವರ್ಷ ಇದ ಆತು. ಅಲ್ಲ್ಯಾದ್ರೂ ಇಬ್ರೂ ಒಂದ ದೋಣ್ಯಾಗ ಕುಂದ್ರೋಣು."

ಅಪ್ಪ ಮಗಳು ಮತ್ತೆ ಲೆಕ್ಕ ಹಾಕಿದರು. ಡೈವಿಂಗಿಗೆಂದು ತೆಗೆದಿಟ್ಟದ್ದು ಹುಲಿಗೆಮ್ಮನವರ ಹಡಗಿನ ಟಿಕೆಟ್ಟಿಗೆ ಸಾಲುತ್ತದೆ. ಹೆಸರು ಬದಲಾದ ಎರಡು ದ್ವೀಪಗಳಲ್ಲಿ ಒಂದನ್ನು ಬಿಟ್ಟರೆ ಚೆನ್ನೈನಿಂದ ವಾಪಸು ರೈಲಿಗೂ ಆಗುತ್ತದೆ. ಯಾವುದನ್ನು ಬಿಡುವುದೆಂದು ಇನ್ನೂ ತೀರ್ಮಾನವಾಗಿಲ್ಲ.

ತೀರ್ಮಾನವಾಗದ ಇನ್ನೊಂದು ಸಂಗತಿಯೂ ಇದೆ. ಹಡಗಿನಲ್ಲಿ ಮೂರು ದಿನ ಸಿಗ್ನಲ್ ಸಿಗುವುದಿಲ್ಲ ಎಂದು ಮಗಳು ಹೇಳಿದಾಗಿನಿಂದ ಗಾಳೆಪ್ಪನವರಿಗೆ ನಿದ್ದೆ ಹತ್ತುತ್ತಿಲ್ಲ. ರಜೆ ಕೇಳಲೆಂದು ಪೊಲೀಸ್ ಠಾಣೆಗೇ ಹೋಗಿದ್ದರಂತೆ. ಅಲ್ಲಿಯವರೂ ಗೊಂದಲಕ್ಕೆ ಬಿದ್ದರು.

"ಗಾಳೆಪ್ಪ, ನಮ್ಮ ಪಟ್ಟ್ಯಾಗ ನಿನ್ನ ಹೆಸರ ಇಲ್ಲ. ರಜಾ ಹೆಂಗ ಕೊಡ್ಲಿ?" ಎಂದರಂತೆ ಸಾಹೇಬರು. ಗಾಳೆಪ್ಪ ನಮಸ್ಕಾರ ಮಾಡಿ ಹೊರಬಂದು ಕಟ್ಟೆಯ ಮೇಲೆ ಕುಳಿತರು. ಕೆಲಸಕ್ಕೆ ಸೇರಿಸಿಕೊಂಡವರು ಯಾರು ಎಂದು ನೆನಪು ಮಾಡಿಕೊಳ್ಳಲು ನೋಡಿದರು. ಯಾರೂ ನೆನಪಾಗಲಿಲ್ಲ.

ಚಹಾ ಆರಿದೆ. ಕಾಗದವನ್ನು ಮಡಚಿ ಕಿಸೆಗೆ ಇಟ್ಟುಕೊಳ್ಳುತ್ತಾರೆ. ಇಷ್ಟೆಲ್ಲ ಓಡಾಟದಲ್ಲಿ ನಿಮಗೆ ಬೇಕಾದದ್ದೇನು ಎಂದರೆ, ಬಣ್ಣದ ಮೀನು ಎನ್ನಬಹುದೆಂದು ಕೇಳಿದವರು ಕಾಯುತ್ತಾರೆ. ಗಾಳೆಪ್ಪ ಕಾಲುವೆಯತ್ತ ನೋಡುತ್ತಾರೆ.

"ನಾ ಹೋಗಿ ಬರೋತನ ಯಾರೂ ನಂಗ ಫೋನ್ ಮಾಡಬಾರದ್ರಿ," ಎನ್ನುತ್ತಾರೆ. "ನಂಗ ತ್ರಾಸು ಅಂತಲ್ಲ. ಯಾರೂ ಬೀಳಬಾರದು ಅಂತ."